ನಾಲ್ಕು ಕೆಜಿ ನೀರು

...ಅಯ್ಯೋ, ಅದನ್ನೆಲ್ಲ ಈಗ ಯಾಕೆ ನೆನೆಸ್ಕೋತೀಯ, ಬಿಡು! ಕೈ ಚಾಚು. ಹಾಂ... ಇನ್ನೂ ಸ್ವಲ್ಪ. ನೋಡು, ಸೂಜಿ ಹಾಕೋ ನರ ಜುಂ ಅಂತಿದೆ, ಏನೂ ಆಗಿಲ್ಲ. ಎರಡು ವಾರ ಮೇಲಿನ ವಾರ್ಡಲ್ಲಿ ಯಾರ್ಯಾರೋ ಚುಚ್ಚಿ ಕೈಯೆಲ್ಲ ಕಪ್ಪು ಮಾಡಿಟ್ಟಿದ್ದಾರೆ. ನಾನಾಗಿದ್ರೆ... ಸರಿ, ಬಿಡು.

ಯಾಕೆ ಹಾಗೆ ನೋಡ್ತೀಯ? ನಿನ್ನನ್ನ ಹೊಸ ಟೆಕ್ನಿಷಿಯನ್ ಹುಡುಗಿಗೆ ಒಪ್ಪಿಸಿದ್ದೆ ಅಂತ ಕೋಪಾನಾ? ಅಲ್ವಾ? "ಆ ಅಕ್ಕನೇ ಸೂಜಿ ಹಾಕ್ಲಿ, ಇಲ್ಲಾಂದ್ರೆ ಡಯಾಲಿಸಿಸ್ಸೇ ಬೇಡ" ಅಂದೆಯಂತೆ! ಕೇಳಿ ಖುಷಿಯಾಯ್ತು ಕಣೇ. ಆರು ವರ್ಷದಿಂದ ನಿನ್ನ ಕೈ ನನಗೆ ಗೊತ್ತು, ನನ್ನ ಕೈ ನಿನಗೆ ಗೊತ್ತು.

ಈ ಮೆಷಿನ್ ಮೇಲಿರೋರಿಗೆ ಬಸಿರು ನಿಲ್ಲೋದೇ ಅಪರೂಪ. ಮುಟ್ಟು ನಿಂತ್ರೂ ಯಾರಿಗೂ ಅನುಮಾನ ಬರಲ್ಲ. ನಿನಗೆ ವಾಂತಿ ಆದಾಗ ಡಾಕ್ಟ್ರಮ್ಮಂಗೆ ಹೋಗಿ ಹೇಳಿದ್ದು ಯಾರು? ನಾನೇ ತಾನೇ? ನಿನ್ನ ಗಂಡ, ನಿನ್ನ ತಾಯಿ, ಎಲ್ಲರೂ ತೆಗೆಸು ತೆಗೆಸು ಅಂದ್ರು. ನಿಮ್ಮತ್ತೆ ಒಬ್ರೇ "ಹುಟ್ಟಲಿ ಬಿಡಿ, ನಾನಿದ್ದೀನಿ" ಅಂದಿದ್ದು. ಡಾಕ್ಟ್ರಮ್ಮ ಏನಂದ್ರು? ಮಗು ಬೇಕಂದ್ರೆ ವಾರಕ್ಕೆ ಮೂರು ಸಲ ಸಾಲಲ್ಲ, ಆರು ಸಲ ಬಾ ಅಂದ್ರು. ನೀನು ಬಂದೆ! ಬಸ್ಸಲ್ಲಿ ನಿಂತ್ಕೊಂಡು ಬಂದೆ. ನಾನು ಊಟ ಬಿಟ್ಟು ನಿನಗೆ ಮೆಷಿನ್ ಹಾಕ್ದೆ. ಹೌದೋ ಅಲ್ವೋ? ...ತಲೆ ಆದ್ರೂ ಆಡಿಸೇ.

ಮಿಕ್ಕೋರದೆಲ್ಲ ಸುಲಭ. ತೂಕ ನೋಡೋದು, ಇರಬೇಕಾದ್ದಕ್ಕಿಂತ ಹೆಚ್ಚಿಗೆ ಇದ್ದದ್ದೆಲ್ಲ ನೀರು, ತೆಗೆಯೋದು. ನಿನ್ನದು ಹಾಗಲ್ಲ. ಹೆಚ್ಚಾದ್ದರಲ್ಲಿ ಮಗೂನೂ ಇತ್ತು. ಅದಕ್ಕೇ ಡಾಕ್ಟ್ರಮ್ಮ ವಾರಾ ವಾರಾ ನಿನ್ನ ಕಾರ್ಡಲ್ಲಿ ತೂಕ ಏರಿಸಿ ಬರೆಯೋರು. ನಲವತ್ತಾರು ಇದ್ದದ್ದು ನಲವತ್ತೇಳು, ನಲವತ್ತೆಂಟು... ನಲವತ್ತೊಂಬತ್ತಾದಾಗ ನಾನು ಇಡೀ ರೂಮಿಗೆ ಕೇಳೋ ಹಾಗೆ ಕೂಗಿದ್ದೆ, "ತೂಕ ಹೆಚ್ಚಾದ್ರೂ ನನ್ನ ಕೈಲಿ ಬೈಸ್ಕೊಳ್ಳದೇ ಇರೋಳು ಇವಳೊಬ್ಬಳೇ ನೋಡ್ರಪ್ಪ!" ಮೂಲೆ ಬೆಡ್ಡಿನ ಮೇಷ್ಟ್ರು ನಕ್ಕೂ ನಕ್ಕೂ ಸೂಜಿ ಹಾಕಿದ್ದ ಕೈ ಅಲ್ಲಾಡಿಸಿ ಮೆಷಿನ್ ಅಲಾರಂ ಹೊಡೆಸಿದ್ರಲ್ಲ? ನೀನೂ ನಕ್ಕಿದ್ದೆ...

ಆ ಸೋಮವಾರ ಬಿಪಿ ಬಿದ್ದದ್ದು ಯಾರ ಕೈಲೂ ಇರಲಿಲ್ಲ ಕಣೇ. ಹಾಗಾಗತ್ತೆ ಅಂತ ಡಾಕ್ಟ್ರಮ್ಮಾನೇ ಹೇಳಿದ್ರಲ್ಲ. ನಾನು ನಿನ್ನ ಕಾಲೆತ್ತಿ, ಸಲೈನ್ ಬಿಟ್ಟು, ಕೂಗಿ ಕರೆದು... ಒದ್ದಾಡಲಿಲ್ವಾ ನಾನು? ಮಾರನೇ ದಿನ ಸ್ಕ್ಯಾನಲ್ಲಿ ಮಗುವಿನ ಎದೆಬಡಿತ ಇಲ್ಲ ಅಂದಾಗ, ಬಟ್ಟೆ ಬದಲಾಯಿಸೋ ರೂಮಲ್ಲಿ ಕೂತು ಅತ್ತುಬಿಟ್ಟೆ ನಾನು. ನಿನಗೆ ಗೊತ್ತಿಲ್ಲ.

ಏನು? ಮೆಷಿನ್ ಯಾಕೆ ತೋರಿಸ್ತೀಯ? ಅದರಲ್ಲಿ ಇನ್ನೂ ಏನೂ ಇಲ್ಲ. ಎಷ್ಟು ನೀರು ತೆಗೀಬೇಕು ಅಂತ ನಾನು ಹಾಕಿದ ಮೇಲೆ ತಾನೇ ಅಲ್ಲಿ...

ಅವತ್ತು ನೀನು ನೋಡ್ಬಿಟ್ಟೆ ಅಲ್ವಾ?

"ಇಷ್ಟೊಂದಾ ಅಕ್ಕ?" ಅಂದೆ. "ನಾನು ನೀರೇ ಕುಡಿದಿಲ್ಲ, ಆಣೆ" ಅಂದೆ. ನಾನೇನಂದೆ... ಬೇಡ ಕಣೇ. ಸರಿ, ಹೇಳ್ತೀನಿ! "ಒಂದು ಭಾನುವಾರ ಬಿಟ್ರೆ ನಾಲ್ಕು ಕೆಜಿ ನೀರು ಕುಡ್ಕೊಂಡು ಬಂದಿದ್ದೀಯಲ್ಲೇ, ಹೊಟ್ಟೇಲಿರೋದು ಮಗೂನೋ ಬಾವೀನೋ" ಅಂದೆ. ನನ್ನ ನಾಲಿಗೆ ಬಿದ್ದುಹೋಗ್ಲಿ! ಕಾಲು ಹಿಡ್ಕೋತಿದೆ ಅಂತ ನೀನು ಅಳ್ತಿದ್ರೂ ಸುಮ್ನಿರು ಅಂದೆ.

ಹಳೇ ಕಾರ್ಡ್ ತುಂಬಿತ್ತು. ಬೆಳಿಗ್ಗೆ ಹೊಸದು ಬರೆದೆ. ಅವತ್ತು ಇಬ್ಬರು ರಜ... ಇಲ್ಲ, ಅದಲ್ಲ ಕಾರಣ. ಹಳೇದರ ಕೊನೇ ಸಾಲಿನ ನಲವತ್ತೊಂಬತ್ತು ನೋಡೋ ಬದಲು ಮೊದಲನೇ ಸಾಲು ನೋಡಿ ಬರೆದುಬಿಟ್ಟೆ. ನಲವತ್ತಾರು. ಮಗು ಇಲ್ಲದಾಗಿನ ತೂಕ. ನೀನು ಐವತ್ತು ಚಿಲ್ಲರೆ ಇದ್ದೆ. ಒಂದು ಕೆಜಿ ತೆಗೀಬೇಕಾದ ಕಡೆ ನಾಲ್ಕು ಹಾಕ್ದೆ.

ಬಿಪಿ ಬಿದ್ದ ಮೇಲೆ ನೀನಿನ್ನೂ ಕಣ್ಣು ಬಿಟ್ಟಿರಲಿಲ್ಲ. ಆಗ ಕಾರ್ಡ್ ನೋಡ್ದೆ, ತಪ್ಪು ಗೊತ್ತಾಯ್ತು. ಡಾಕ್ಟ್ರಮ್ಮ ಮೆಟ್ಟಿಲು ಇಳಿದು ಬರೋಷ್ಟರಲ್ಲಿ ಅದನ್ನ ಹರಿದು, ಸರಿಯಾಗಿ ಇನ್ನೊಂದು ಬರೆದಿಟ್ಟೆ. ಅವರು ಅದನ್ನ ನೋಡಿ "ನಿಮ್ಮ ತಪ್ಪೇನಿಲ್ಲ" ಅಂತ ನನ್ನ ಭುಜ ತಟ್ಟಿದ್ರು. ನಾನು ತಟ್ಟಿಸ್ಕೊಂಡೆ.

ಇವತ್ತು ಡಾಕ್ಟ್ರಮ್ಮಾನೇ ಬರೆದುಕೊಟ್ಟಿದ್ದಾರೆ ನೋಡು, ನಲವತ್ತಾರು. ಇವತ್ತು ಅದೇ ಸರಿಯಾದ ತೂಕ. ನಾನು ಈ ಅಂಕಿ ಹೇಗೆ ಹಾಕ್ಲಿ, ಹೇಳು? ಕೈ ಬರ್ತಿಲ್ಲ.

ಬೈಯೇ. ಕಪಾಳಕ್ಕೆ ಹೊಡಿ. ನನ್ನ ಬಾಯಿಂದಲೇ ಕೇಳಬೇಕು ಅಂತ ತಾನೇ ನನ್ನ ಹತ್ರಾನೇ ಬಂದಿದ್ದು? ಹೇಳಿದೆನಲ್ಲ, ಎಲ್ಲ ಹೇಳಿದೆ. ಇನ್ನೇನೂ ಉಳಿದಿಲ್ಲ... ಇಲ್ಲ ಅಂದ್ನಲ್ಲ!

ಬಾಗಿಲ ಕಡೆ ಯಾಕೆ ನೋಡ್ತೀಯ? ಹೊರಗೆ ಬೆಂಚಲ್ಲಿ ಯಾರು... ನಿಮ್ಮತ್ತೇನಾ?

ಮಾತಾಡಿಸ್ತಾರಾ ನಿನ್ನನ್ನ? ...ಎರಡು ವಾರದಿಂದಲೂ ಇಲ್ವಾ? ಒಂದು ಮಾತೂ?

ಅವತ್ತು ಸಂಜೆ ಅವರು ನನ್ನ ಕೈ ಹಿಡ್ಕೊಂಡು "ಏನಾಯ್ತಮ್ಮ, ನಿಜ ಹೇಳು" ಅಂತ ಅತ್ರು ಕಣೇ. ನಾನು... ನಾನು ಅವರಿಗೆ, "ಎಷ್ಟು ಹೇಳಿದ್ರೂ ಕೇಳ್ಲಿಲ್ಲ ಅಮ್ಮ, ಮನೇಲಿ ಕದ್ದು ನೀರು ಕುಡಿದು ಬಂದಿದ್ಲು" ಅಂದೆ.