ಎಲ್ಲ ಸೀಟೂ ಕೆಂಪಾಗಿದ್ದ ರಾತ್ರಿ

ಇದು ನನ್ನ ತಂಗಿಯ ಮಗಳಿಗೆ ಆದದ್ದು. ಅವಳು ಸುಳ್ಳು ಹೇಳುವ ಹುಡುಗಿಯಲ್ಲ. ಹೇಳಿದ್ದರೆ ನನಗೆ ಮೊದಲು ಗೊತ್ತಾಗುತ್ತಿತ್ತು.

ನಾಟಕಮಂದಿರದ ಹಿಂದೆ ಒಂದು ಹಾಳುಬಾವಿ ಇದೆ. ಆ ರಾತ್ರಿ ಅವಳು ಅದನ್ನು ದಾಟಿಯೇ ಬಂದಳು. ಅಲ್ಲಿ ಏನೂ ಆಗಲಿಲ್ಲ. ಬಾವಿ ತನ್ನ ಪಾಡಿಗೆ ತಾನಿತ್ತು... ಆದದ್ದೆಲ್ಲ ಟಿಕೆಟ್ ಕೋಣೆಯಲ್ಲಿ, ಕಂಪ್ಯೂಟರಿನ ಮುಂದೆ.

ಟಿಕೆಟ್ ಮಾರಲು ಅವಳೊಂದು ಪ್ರೋಗ್ರಾಂ ಬರೆಯುತ್ತಿದ್ದಳು. ಸೀಟಿಗೊಂದರಂತೆ ಕಂಪ್ಯೂಟರೇ ಕೊಡುವ ಸಿದ್ಧ ಬಟನ್‌ಗಳು ಮಂದಿರದ ಮ್ಯಾನೇಜರಿಗೆ ಹಿಡಿಸಲಿಲ್ಲ. ಸೀಟುಗಳು ಇದ್ದ ಹಾಗೆಯೇ ಕಾಣಬೇಕು. ಹಾಗಾಗಿ ಒಂದೊಂದು ಸೀಟನ್ನೂ, ಬೆನ್ನಿನ ಬಾಗು ಸಮೇತ, ಗೆರೆ ಗೆರೆಯಾಗಿ ಅವಳೇ ಕಂಪ್ಯೂಟರ್ ಪರದೆಯ ಮೇಲೆ ಬರೆಸಿದ್ದಳು. ಖಾಲಿ ಸೀಟು ಹಸಿರು, ಮಾರಿದ್ದು ಕೆಂಪು. ಆದರೆ ಚಿತ್ರ ಮಿನುಗುತ್ತಿತ್ತು. ಬೆಳಿಗ್ಗೆಯೊಳಗೆ ಅದು ನಿಲ್ಲದಿದ್ದರೆ ಕೆಲಸ ಬೇರೆಯವರಿಗೆ ಎಂದಿದ್ದರು ಮ್ಯಾನೇಜರ್. ಹುಡುಗಿ ನಿದ್ದೆಗೆಟ್ಟು ಸೋತುಹೋಗಿದ್ದಳು. ಪಕ್ಕದಲ್ಲಿ ಚಹಾ ತಣ್ಣಗಾಗಿ ಕೆನೆ ಕಟ್ಟಿತ್ತು.

ಚಿತ್ರದ ಮೇಲೆ ಏನಾದರೂ ಅಡ್ಡ ಬಂದು ಸರಿದರೆ, ಅಷ್ಟು ಜಾಗವನ್ನು ಮತ್ತೆ ಬರೆ ಎಂದು ಕಂಪ್ಯೂಟರ್ ಪ್ರೋಗ್ರಾಮನ್ನು ಕೇಳುತ್ತದಂತೆ; ಹಾಗೆ ಮತ್ತೆ ಮತ್ತೆ ಬರೆದಾಗಲೇ ಮಿನುಗುವುದು. ಎಲ್ಲಿ ಕೇಳುತ್ತಿದೆ ಎಂದು ತಿಳಿಯಲು, ಹಾಗೆ ಮತ್ತೆ ಬರೆದ ಜಾಗಕ್ಕೆಲ್ಲ ಹಳದಿ ಚೌಕಟ್ಟು ಬೀಳುವಂತೆ ಮಾಡಿದಳು.

ಚೌಕಟ್ಟು ಬಿತ್ತು. ಮೊದಲ ಸಾಲಿನ ಮೊದಲ ಸೀಟು... ಪಕ್ಕದ್ದು... ಅದರ ಪಕ್ಕದ್ದು. ಸಾಲಿನ ಕೊನೆ ಮುಟ್ಟಿ, ಹಿಂದಿನ ಸಾಲಿಗೆ ತಿರುಗಿತು. ತಡವಾಗಿ ಬಂದವರು ಕೂತವರ ಮೊಣಕಾಲು ಸವರಿಕೊಂಡು ಹೋಗುತ್ತಾರಲ್ಲ, ಹಾಗೆ. ಪರದೆಯ ಮೇಲೆ ಬೇರೆ ಏನೂ ತೆರೆದಿರಲಿಲ್ಲ.

ಗೋಡೆಯಾಚೆ, ಕತ್ತಲ ಸಭಾಂಗಣದಲ್ಲಿ... ಸರ್... ಸರ್... ಬಟ್ಟೆ ಸೀಟಿಗೆ ಉಜ್ಜುವ ಸದ್ದು. ಚೌಕಟ್ಟು ಸರಿದಾಗೆಲ್ಲ ಒಂದು.

ಮುದಿ ಕಾವಲುಗಾರ ಬಾಗಿಲಿಗೆ ಬಂದು ನಿಂತಿದ್ದ.

"ತಾತ, ಒಳಗೆ ಯಾರಾದ್ರೂ ಇದಾರಾ?" ಪಿಸುಗುಟ್ಟಿದಳು.

"ಬೀಗದ ಕೈ ನನ್ನ ಸೊಂಟದಲ್ಲಿದೆ ಕಣಮ್ಮ." ಅವನೂ ಪಿಸುಗುಟ್ಟಿದ. ಪರದೆ ನೋಡಿದ. "ಇದೇನು, ಎಲ್ಲಾ ಕೆಂಪು?"

"ಪರೀಕ್ಷೆಗೆ. ಎಲ್ಲಾ ಮಾರಾಟ ಆಗಿದೆ ಅಂತ ತುಂಬಿಸಿದೀನಿ."

"ಅಯ್ಯೋ... ಹಾಗಾದ್ರೆ ಪಾಪ, ಅದು ಎಲ್ಲಿ ಕೂರಬೇಕು?"

"ತಮಾಷೆ ಮಾಡ್ಬೇಡಿ ತಾತ."

ಅವನು ನಗಲಿಲ್ಲ.

ಅವಳಿಗೆ ಹೆದರುವಷ್ಟೂ ತ್ರಾಣವಿರಲಿಲ್ಲ. ಒಂದು ಕಡೆ ಕೂತರೆ ಸಾಕಪ್ಪ ಎನ್ನಿಸುವ ದಣಿವು ಎಂಥದೆಂದು ಮಾತ್ರ ಚೆನ್ನಾಗಿ ಗೊತ್ತಿತ್ತು. ಕೊನೆಯ ಸಾಲಿನ ಮೂಲೆ ಸೀಟನ್ನು ಹಸಿರು ಮಾಡಿದಳು. ಚೌಕಟ್ಟು ನೇರ ಅಲ್ಲಿಗೆ ಬಂತು. ಒಳಗೆ ಮಡಚುವ ಸೀಟೊಂದು ಕೆಳಗಿಳಿಯಿತು. ಕಿರ್‌ರ್... ಧಪ್.

ಆಮೇಲೆ ಪರದೆ ಮಿನುಗಲೇ ಇಲ್ಲ.

ಬೆಳಿಗ್ಗೆ ಮ್ಯಾನೇಜರ್ ನೋಡಿ, "ಭೇಷ್! ಇಷ್ಟಕ್ಕೆ ಇಷ್ಟು ದಿನ ಸತಾಯಿಸಿದೆಯಲ್ಲಮ್ಮ" ಎಂದರು. ಕೆಲಸ ಉಳಿಯಿತು. ಆಮೇಲೆ ತಾವೇ ಮೌಸ್ ಹಿಡಿದು, ಉಳಿದಿದ್ದ ಆ ಒಂದು ಹಸಿರು ಸೀಟನ್ನೂ ಕೆಂಪು ಮಾಡಿದರು. ಒಳಗಿನಿಂದ... ಠಪ್. ಸೀಟು ಮೇಲಕ್ಕೆ ಮಡಚಿಕೊಂಡ ಸದ್ದು. ಪರದೆಯಲ್ಲಿ ಮೊದಲ ಸಾಲಿನ ಮೊದಲ ಸೀಟು ಮಿನುಗಿತು.

ಮ್ಯಾನೇಜರ್ ಅವಳ ಮುಖ ನೋಡಿದರು. ಮೂಲೆ ಸೀಟನ್ನು ಮತ್ತೆ ಹಸಿರು ಮಾಡಿದರು. ಇವತ್ತಿಗೂ ಅದನ್ನು ಮಾರುವುದಿಲ್ಲ. ಕೇಳಿದವರಿಗೆ ಮುರಿದಿದೆ ಎನ್ನುತ್ತಾರೆ.

ಮುರಿದಿಲ್ಲ. ಅದರ ಪಕ್ಕದಲ್ಲೇ ಕೂತು ನಾನು ನಾಟಕ ನೋಡಿ ಬಂದಿದ್ದೇನೆ. ಯಾರೂ ಕೂರದ ಸೀಟು ಮಡಚಿಕೊಂಡಿರಬೇಕು, ಅಲ್ಲವೇ? ಅದು ಉದ್ದಕ್ಕೂ ಕೆಳಗೇ ಇತ್ತು. ಇದು ಕೇಳಿದ ಮಾತಲ್ಲ, ಕಣ್ಣಾರೆ ಕಂಡದ್ದು... ನಾಟಕ ಮುಗಿದು ನಾವೆಲ್ಲ ಎದ್ದಾಗ, ನಮ್ಮ ಸೀಟುಗಳ ಜೊತೆ ಅದೂ ಮಡಚಿಕೊಂಡಿತು.