ಊಟದ ಹೊತ್ತಿನಲ್ಲಿ ಗೇಟು ತೆಗೆಸಿದವರು

ಮೇಷ್ಟ್ರೇ, ಮೇಷ್ಟ್ರ ಪಕ್ಕದಲ್ಲಿ ಕೂತಿರುವ ಮಗಳೇ, ಮುಂದಿನ ಸಾಲಿನಲ್ಲಿರುವ ನಮ್ಮ ಇಲಾಖೆಯ ನಿರ್ದೇಶಕರೇ, ಹಿಂದೆ ಗೋಡೆಗೆ ಒರಗಿ ನಿಂತಿರುವ ಕುದುರೆ ಗಾಡಿಯವರೇ — ಎಲ್ಲರಿಗೂ ನಮಸ್ಕಾರ. ಕುರ್ಚಿಗಳು ಖಾಲಿ ಇವೆ, ಗಾಡಿಯವರು ಮುಂದೆ ಬನ್ನಿ. ಬನ್ನಿ, ಪರವಾಗಿಲ್ಲ. ಡಾಕ್ಟರಮ್ಮ ಇದ್ದಿದ್ದರೆ ನಿಮ್ಮನ್ನು ಅಲ್ಲಿ ನಿಲ್ಲಲು ಬಿಡುತ್ತಿರಲಿಲ್ಲ.

ಕಳೆದ ವರ್ಷ, ಬೇಸಿಗೆ ರಜೆ ಶುರುವಾದ ವಾರ, ಒಂದು ಮಂಗಳವಾರ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ನಮ್ಮ ಕ್ವಾರಂಟೈನ್ ಲಾಯದ ಗೇಟು ತೆಗೆಸಿ, ರಕ್ತಪರೀಕ್ಷೆಯ ಫಲಿತಾಂಶ ಬರುವ ಮೊದಲೇ ಒಂದು ಕುದುರೆಯನ್ನು ಊರೊಳಗೆ ಬಿಟ್ಟರು. ಬಿಡಿಸಿದವರು ಯಾರೆಂದು ಇವತ್ತಿನವರೆಗೂ ಯಾರೂ ಹೇಳಿಲ್ಲ. ತಪ್ಪು ಹೊತ್ತ ಡಾಕ್ಟರಮ್ಮನ ಫೋಟೋ ಮಾತ್ರ ಇಲ್ಲಿದೆ. ಅದಕ್ಕೆ ನಾವೆಲ್ಲ ಹೂ ಇಟ್ಟಿದ್ದೇವೆ.

ನಾನು ಆ ಲಾಯದ ಪ್ರಯೋಗಾಲಯದವನು. ಡಾಕ್ಟರಮ್ಮ ಕುದುರೆಯ ಕುತ್ತಿಗೆಯಿಂದ ರಕ್ತ ತೆಗೆಯುತ್ತಿದ್ದರು, ನಾನು ಸೀಸೆ ಹಿಡಿಯುತ್ತಿದ್ದೆ. ನನಗೆ ದಣಿವಾಗಿದೆ. ಈ ಸಂಗತಿಯನ್ನು ಕಚೇರಿಯಲ್ಲಿ ಹೇಳಿದೆ, ಪತ್ರಿಕೆಗಳಿಗೆ ಬರೆದೆ, ಕಾರಿಡಾರಿನಲ್ಲಿ ಸಿಕ್ಕವರ ತೋಳು ಹಿಡಿದು ಹೇಳಿದೆ. ಇವತ್ತು ಮತ್ತೆ ಹೇಳುತ್ತೇನೆ — ಯಾಕೆಂದರೆ ಸಂತಾಪ ಸಭೆಯಿಂದ ನಡುವೆ ಎದ್ದು ಹೋಗುವುದು ಯಾರಿಗೂ ಚೆನ್ನಾಗಿ ಕಾಣುವುದಿಲ್ಲ.

ಹೊರದೇಶದಿಂದ ಕುದುರೆ ತರಿಸಿದರೆ ಅದನ್ನು ನೇರವಾಗಿ ಮನೆಗೆ ಒಯ್ಯುವ ಹಾಗಿಲ್ಲ. ನಮ್ಮ ಲಾಯದಲ್ಲಿ ಬೇರೆಯಾಗಿ ಇರಬೇಕು. ಬಂದ ಕೂಡಲೇ ಒಮ್ಮೆ ರಕ್ತ ತೆಗೆಯುತ್ತೇವೆ, ಸ್ವಲ್ಪ ದಿನ ಬಿಟ್ಟು ಇನ್ನೊಮ್ಮೆ. ಕೆಲವು ಕಾಯಿಲೆಗಳು ಮೊದಲ ಸಲ ಸಿಕ್ಕಿಬೀಳುವುದಿಲ್ಲ, ಅದಕ್ಕೆ. ಒಳಗಿನ ಕುದುರೆಯ ಹತ್ತಿರಕ್ಕೆ ಹೊರಗಿನದೊಂದು ಬಂದರೆ ಅದೂ ಒಳಗಿನದೇ ಆಯಿತು. ಎರಡಕ್ಕೂ ದಿನಗಳ ಲೆಕ್ಕ ಮೊದಲಿನಿಂದ. ನಿಯಮ ಇಷ್ಟೇ. ಇದನ್ನು ಡಾಕ್ಟರಮ್ಮ ಲಾಯದ ಆಳುಗಳಿಗೆ ಹೇಳುವಾಗ ಪುಸ್ತಕದ ಮಾತು ಬಳಸುತ್ತಿರಲಿಲ್ಲ. "ಒಂದೇ ಬಕೆಟ್ಟಿನಲ್ಲಿ ಮೂತಿ ಇಟ್ಟವರೆಲ್ಲ ಒಂದೇ ಮನೆಯವರು ಕಣ್ರೋ" ಎನ್ನುತ್ತಿದ್ದರು.

ಗೇಟಿನ ಬಳಿ ಔಷಧಿ ನೀರಿನ ತೊಟ್ಟಿ ಇತ್ತು. ಯಾರೇ ಬಂದರೂ ಬೂಟು ಅದ್ದಿಯೇ ಒಳಗೆ ಬರಬೇಕು, ಹೊರಗೆ ಹೋಗಬೇಕು. ಡಾಕ್ಟರಮ್ಮ ತಮ್ಮ ಮನೆಯ ಬಾಗಿಲಲ್ಲೂ ಅದೇ ನೀರಿನ ಒಂದು ಬಕೆಟ್ ಇಟ್ಟಿದ್ದರು. ಮೇಷ್ಟ್ರು ಒಮ್ಮೆ ನನ್ನ ಹತ್ತಿರ ಹೇಳಿಕೊಂಡಿದ್ದರು, ಮದುವೆಯಾದ ಹೊಸತರಲ್ಲಿ ಆ ವಾಸನೆಗೆ ತಲೆ ತಿರುಗುತ್ತಿತ್ತಂತೆ, ಆಮೇಲೆ ಆ ವಾಸನೆ ಬಂತೆಂದರೆ ಹೆಂಡತಿ ಬಂದಳು ಅಂತ ಎದ್ದು ಒಲೆ ಹಚ್ಚುತ್ತಿದ್ದರಂತೆ.

ಈಗ ಆ ಬೇಸಿಗೆಗೆ ಬರುತ್ತೇನೆ. ಕುದುರೆ ಸವಾರಿ ಶಾಲೆಯ ಮಾಲೀಕರು ವಿದೇಶದಿಂದ ಒಂದು ಹೆಣ್ಣು ಕುದುರೆ ತರಿಸಿದರು. ಪ್ರಯಾಣ ಮಾಡಿ ಬಂದದ್ದು, ಒಂಟಿ. ಹುಲ್ಲು ಮುಟ್ಟಲಿಲ್ಲ. ಗೋಡೆಗೆ ಹಣೆ ಒತ್ತಿಕೊಂಡು — ಹೀಗೆ — ನಿಂತುಬಿಟ್ಟಿತ್ತು. ಕುದುರೆ ಸಾಕಿದವರಿಗೆ ಇದಕ್ಕೊಂದು ಮದ್ದು ಗೊತ್ತು: ಪಕ್ಕದಲ್ಲಿ ಒಂದು ಸಮಾಧಾನದ ಮುದಿ ಕುದುರೆಯನ್ನು ಕಟ್ಟುವುದು. ಸವಾರಿ ಶಾಲೆಯಲ್ಲಿ ಅಂಥದೊಂದು ತಟ್ಟು ಕುದುರೆ ಇತ್ತು. ಮಕ್ಕಳು ಅದನ್ನು ತಾತ ಎಂದು ಕರೆಯುತ್ತಿದ್ದರು. ಮೊದಲ ಸಲ ಕುದುರೆ ಹತ್ತುವ ಮಕ್ಕಳೆಲ್ಲ ಹತ್ತುತ್ತಿದ್ದುದು ತಾತನ ಬೆನ್ನನ್ನೇ. ತಾತನನ್ನು ತರಲೇ ಎಂದು ಶಾಲೆಯ ಮ್ಯಾನೇಜರ್ ಕೇಳಿದರು.

ಡಾಕ್ಟರಮ್ಮ ಒಪ್ಪಿದರು. ಹೌದು, ಒಳಗೆ ಬಿಟ್ಟವರು ಅವರೇ. ಇದನ್ನು ನಾನು ಮುಚ್ಚಿಡುವುದಿಲ್ಲ, ಅವರೂ ಮುಚ್ಚಿಡಲಿಲ್ಲ. ಆದರೆ ಮ್ಯಾನೇಜರನ್ನು ತೊಟ್ಟಿಯ ಪಕ್ಕ ನಿಲ್ಲಿಸಿ ನನ್ನೆದುರಿಗೇ ಹೇಳಿದರು, "ನೋಡಿ, ಬರೋದು ನಿಮ್ಮಿಷ್ಟ. ಹೋಗೋದು ನನ್ನಿಷ್ಟ. ಆಮೇಲೆ ಬಂದು ಗೋಳು ಹೊಯ್ಕೋಬಾರದು." ಮ್ಯಾನೇಜರ್ ನಕ್ಕು ತಲೆ ಆಡಿಸಿದರು. ತಾತ ಬಂದ ದಿನವೇ ಹೆಣ್ಣು ಕುದುರೆ ಹುಲ್ಲಿಗೆ ಬಾಯಿ ಹಾಕಿತು. ಡಾಕ್ಟರಮ್ಮ ಅಷ್ಟು ಸಂತೋಷಪಟ್ಟದ್ದನ್ನು ನಾನು ಆಮೇಲೆ ನೋಡಲಿಲ್ಲ.

ಅಷ್ಟರಲ್ಲಿ ಸವಾರಿ ಶಾಲೆಯಲ್ಲಿ ರಜೆಯ ಶಿಬಿರ ಶುರುವಾಯಿತು. ಮಕ್ಕಳು ಬಂದರು, ಹತ್ತಲು ತಾತ ಇಲ್ಲ. ಆ ಮಂಗಳವಾರ ನಾವಿಬ್ಬರೂ ಪ್ರಯೋಗಾಲಯದ ಹಿಂದಿನ ಕೋಣೆಯಲ್ಲಿ ಡಬ್ಬಿ ಬಿಚ್ಚಿ ಕೂತಿದ್ದೆವು. ಗೇಟಿನ ಸದ್ದು ಕೇಳಿತು. ಓಡಿ ಬರುವಷ್ಟರಲ್ಲಿ ಸವಾರಿ ಶಾಲೆಯವರು ತಾತನನ್ನು ಕರೆದುಕೊಂಡು ಹೋಗಿದ್ದರು. ಕಾವಲುಗಾರನ ಮುಖ ಬಿಳಿಚಿಕೊಂಡಿತ್ತು. "ದೊಡ್ಡ ಆಫೀಸಿಂದ ಫೋನ್ ಬಂತು ಮೇಡಂ. ನಾನೇನು ಮಾಡ್ಲಿ" ಎಂದ. ಡಾಕ್ಟರಮ್ಮ ಅವನನ್ನು ಬೈಯಲಿಲ್ಲ. ಎಂಜಲು ಕೈಯಲ್ಲೇ ಸವಾರಿ ಶಾಲೆಗೆ ಹೋದರು. ಅದನ್ನು ಬೇರೆ ಕಟ್ಟಿ ಎಂದು ಬೇಡಿಕೊಂಡರು. ಮ್ಯಾನೇಜರ್ ಈ ಸಲವೂ ನಕ್ಕರು.

ಮರುದಿನ ನಾವು ನಿರ್ದೇಶಕರ ಕೋಣೆಗೆ ಹೋದೆವು. ಸಾರ್, ನೆನಪಿರಬೇಕು. ನಮಗೆ ಕೂರಲು ಹೇಳಲಿಲ್ಲ ನೀವು. ಆಮದು ನಿಯಮ ಅನ್ವಯಿಸುವುದು ಆಮದಾದ ಕುದುರೆಗೆ, ತಟ್ಟು ಕುದುರೆ ಈ ಊರಿನದೇ, ಅದನ್ನು ಹಿಡಿದಿಡಲು ನಿಮಗೇನು ಅಧಿಕಾರ ಎಂದು ಕೇಳಿದಿರಿ. ಡಾಕ್ಟರಮ್ಮ ಮೆಲ್ಲಗೆ ಹೇಳಿದರು — "ಕಾಯಿಲೆಗೆ ಅದು ಗೊತ್ತಾಗಲ್ಲ ಸಾರ್."

ನಿಜವಾಗಿಯೂ ಅದಕ್ಕೆ ಗೊತ್ತಾಗಲಿಲ್ಲ. ಹೆಣ್ಣು ಕುದುರೆಯ ಎರಡನೇ ಪರೀಕ್ಷೆಯಲ್ಲಿ ಗ್ಲಾಂಡರ್ಸ್ ಇದೆ ಎಂದು ಬಂತು. ಆ ಕಾಯಿಲೆ ಬಂದ ಕುದುರೆಗೆ ಚಿಕಿತ್ಸೆ ಕೊಡುವುದಿಲ್ಲ, ಕೊಲ್ಲಬೇಕು, ಮನುಷ್ಯರಿಗೂ ಹರಡುತ್ತದೆ. ಆ ಹೊತ್ತಿಗೆ ತಾತ ಶಿಬಿರದ ಮೈದಾನದಲ್ಲಿ ಸುತ್ತಿ, ಬರುವಾಗ ಹೋಗುವಾಗ ರಸ್ತೆ ಬದಿಯ ನೀರಿನ ತೊಟ್ಟಿಯಲ್ಲಿ ಕುಡಿದಿತ್ತು. ಗಾಡಿ ಕುದುರೆಗಳೂ ಅಲ್ಲೇ ಕುಡಿಯುತ್ತಿದ್ದವು. ಪರೀಕ್ಷೆ ಮಾಡಿದರೆ ತಾತನಿಗೂ ಅವಕ್ಕೂ ಕಾಯಿಲೆ ತಗುಲಿತ್ತು. ಪುಣ್ಯಕ್ಕೆ ಮಕ್ಕಳಿಗೆ ಏನೂ ಆಗಲಿಲ್ಲ. ಪುಣ್ಯಕ್ಕೆ ಎಂದೆ. ನಮ್ಮ ಜಾಣತನದಿಂದ ಅಲ್ಲ.

ತಾತನನ್ನೂ ಗಾಡಿ ಕುದುರೆಗಳನ್ನೂ ಕೊಲ್ಲುವ ಕೆಲಸ ಡಾಕ್ಟರಮ್ಮನ ಪಾಲಿಗೇ ಬಂತು. ಒಂದೊಂದರ ಕಿವಿಯ ಹಿಂದೆ ತುರಿಸುತ್ತಾ — ಹೀಗೆ, ಎಡಗೈಯಲ್ಲಿ — ಬಲಗೈಯಲ್ಲಿ ಸೂಜಿ ಹಾಕಿದರು.

ಆ ಸಂಜೆ ಗಾಡಿಯವರ ಹಿರಿಯರು ಅವರ ಮನೆ ಬಾಗಿಲಿಗೆ ಹೋದರು. ದೊಡ್ಡಪ್ಪ, ನೀವು ಇಲ್ಲೇ ಇದ್ದೀರಿ, ನಿಮ್ಮ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ. "ನಿನ್ನ ಕೈ ಸೇದಿಹೋಗ್ಲಿ" ಎಂದು ಶಾಪ ಹಾಕಿದರು. ಡಾಕ್ಟರಮ್ಮ ಕೇಳಿಸಿಕೊಂಡು, "ಆಯ್ತು ದೊಡ್ಡಪ್ಪ. ಮೊದಲು ಆ ಬಕೆಟ್ಟಿನಲ್ಲಿ ಕೈ ತೊಳ್ಕೊಳ್ಳಿ. ಕುದುರೆ ಮುಟ್ಟಿದ ಕೈ. ಮನೇಲಿ ಮೊಮ್ಮಕ್ಕಳಿದ್ದಾರೆ" ಎಂದರು. ದೊಡ್ಡಪ್ಪ ಕೈ ತೊಳೆದು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತರು. ಮೇಷ್ಟ್ರು ಟೀ ತಂದುಕೊಟ್ಟರು.

ಅದಾದ ಮೇಲೆ ಇಲಾಖೆಯ ಹೇಳಿಕೆ ಬಂತು: ಲಾಯದ ವೈದ್ಯರ ನಿರ್ಲಕ್ಷ್ಯ. ಹೊರಗಿನ ಕುದುರೆಯನ್ನು ಒಳಗೆ ಬಿಟ್ಟವರು ಅವರು, ಆದ್ದರಿಂದ ಅಮಾನತು. ಒಳಗೆ ಬಿಟ್ಟದ್ದಕ್ಕೆ! ಹೊರಗೆ ಬಿಟ್ಟದ್ದರ ಬಗ್ಗೆ ಅದರಲ್ಲಿ ಒಂದು ಅಕ್ಷರ ಇರಲಿಲ್ಲ. ನನಗೆ ವಯಸ್ಸಾಗಿದೆ, ಹಳೆಯದು ನೆನಪಿರುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಸೈನ್ಯದ ಲಾಯದಲ್ಲಿ ಇದೇ ಕಾಯಿಲೆ ಬಂದಿತ್ತು. ಆಗಲೂ ತಪ್ಪು ಯಾರದೆಂದು ಕೇಳಿದಾಗ, ಕುದುರೆ ತೊಳೆಯುತ್ತಿದ್ದ ಒಬ್ಬ ಆಳಿನದು ಎಂದರು. ಅವನು ಅದೇ ಕಾಯಿಲೆಯಲ್ಲಿ ಸತ್ತಿದ್ದ. ಸತ್ತವರು ಎದುರು ಮಾತಾಡುವುದಿಲ್ಲ, ಎಷ್ಟು ಅನುಕೂಲ.

ಡಾಕ್ಟರಮ್ಮ ಎದುರು ಮಾತಾಡಲು ಕಾದರು. ವಿಚಾರಣೆಗೆ ದಿನ ಗೊತ್ತಾಗುತ್ತಿತ್ತು. ಬಿಳಿ ಕೋಟಿಗೆ ಇಸ್ತ್ರಿ ಹಾಕಿಟ್ಟುಕೊಳ್ಳುತ್ತಿದ್ದರು. ಮುಂದೂಡಲಾಗಿದೆ ಎಂದು ಫೋನು ಬರುತ್ತಿತ್ತು. ಕೋಟು ಮತ್ತೆ ಗೂಟಕ್ಕೆ ಹೋಗುತ್ತಿತ್ತು. "ನನ್ನನ್ನೂ ಕ್ವಾರಂಟೈನಿಗೆ ಹಾಕಿದ್ದಾರೆ ಬಿಡಿ, ಲೆಕ್ಕ ಪ್ರತಿ ಸಲ ಮೊದಲಿನಿಂದ" ಎಂದು ನಕ್ಕಿದ್ದರು. ಹೋದ ವಾರ ಇನ್ನೊಂದು ಅಂಥ ಫೋನು ಬಂದ ಮಧ್ಯಾಹ್ನ, ಕೋಟು ತೂಗುಹಾಕಲು ಎದ್ದವರು ಅಲ್ಲೇ ಬಿದ್ದರು. ಹೃದಯ ನಿಂತುಹೋಗಿತ್ತು.

ಮೊನ್ನೆ ಮಗಳು ನನ್ನನ್ನು ಕೇಳಿದಳು, "ಅಂಕಲ್, ಇನ್ನು ಅಮ್ಮನ ವಿಚಾರಣೆ ನಡೆಯುತ್ತಾ?" ನಡೆಯುವುದಿಲ್ಲವಂತೆ, ನಾನು ವಿಚಾರಿಸಿದೆ. ವ್ಯಕ್ತಿ ತೀರಿಕೊಂಡರೆ ಕಡತ ಮುಚ್ಚುತ್ತಾರೆ. ಅಂದರೆ ತಪ್ಪು ಅವರ ಹೆಸರಿನಲ್ಲಿಯೇ ಉಳಿಯುತ್ತದೆ. ಅದನ್ನು ಆ ಮಗು ಜೀವನವಿಡೀ ಹೊರಬೇಕು.

ನಿರ್ದೇಶಕರೇ, ಈಗಷ್ಟೇ ನೀವು ತುಂಬಲಾರದ ನಷ್ಟ ಎಂದಿರಿ. ಆ ಫೋನು ನಿಮ್ಮ ಕಚೇರಿಯಿಂದ ಬಂತು. ನೀವೇ ಮಾಡಿದಿರಿ ಎಂದು ನಾನು ಹೇಳುವುದಿಲ್ಲ, ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿದೆ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲೋಣ. ದೊಡ್ಡಪ್ಪ, ನಿಮಗೆ ಮಂಡಿ ನೋವು, ನೀವು ಕೂತೇ ಇರಿ. ಡಾಕ್ಟರಮ್ಮನನ್ನು ನೆನೆದು ಸ್ವಲ್ಪ ಹೊತ್ತು ಮೌನವಾಗಿರೋಣ. ಮೌನ ಮುಗಿದ ಮೇಲೆ ನಾವೆಲ್ಲ ಕೂತುಕೊಳ್ಳುತ್ತೇವೆ. ನಿರ್ದೇಶಕರು ಮಾತ್ರ ನಿಂತೇ ಇರಲಿ — ಗೇಟು ತೆಗೆಯಲು ಹೇಳಿದವರು ಯಾರು ಎಂದು ಈ ಮಗಳಿಗೆ, ನಮ್ಮೆಲ್ಲರ ಎದುರಿಗೆ ಹೇಳಲಿ. ಮೈಕು ಇಲ್ಲೇ ಇಟ್ಟಿರುತ್ತೇನೆ.