ತಾಂಬರಂ ತಾರಸಿಯ ಲೇಹ್

...ನಗಬೇಡ ಅಂದ್ರೆ ಹೇಗೆ ನಗದಿರೋದು, ಹೇಳಿ! ತಾಂಬರಂನ ಈ ಸೆಕೆಯಲ್ಲಿ ಲೇಹ್‌ನ ಗಿಡ ಬೆಳೆಸ್ತೇನೆ ಅಂತ ಹೊರಟ ಗಂಡಸು ನೀವೊಬ್ಬರೇ ಮಾರಾಯ್ರೇ. ನುಂಗಂಬಾಕ್ಕಂ ಹೋಟೆಲಿನಲ್ಲಿ ಇಡ್ಲಿ ಬೇಯಿಸಿಯೇ ತಲೆ ಬೆಳ್ಳಗಾಯ್ತು. ರಿಟೈರಾದ ಮೇಲೆ ಈಗ ತೋಟದ ಎಂಜಿನಿಯರು!

ಮಗಳು ಏನು ಕೇಳಿದ್ದು? "ಅಪ್ಪಾ, ಲೇಹ್‌ನಲ್ಲಿ ನನ್ನ ಕ್ವಾರ್ಟರ್ಸ್ ಎದುರು ಬರೀ ಕಲ್ಲು, ಮರಳು. ಏನಾದ್ರೂ ಮಾಡ್ಲಿಕ್ಕೆ ಆಗ್ತದಾ?" ಅಷ್ಟೇ ಕೇಳಿದ್ದು ಚಿನ್ಮಯಿ. ನೀವು ತಾರಸಿ ತುಂಬ ರಂಗೋಲಿ ಹುಡಿಯಲ್ಲಿ ನಕ್ಷೆ ಬರೆದ್ರಿ! ಇಲ್ಲಿ ಗಾಳಿ ತಡೆಯೋ ಗೋಡೆ, ಇಲ್ಲಿ ಜಲ್ಲಿ ಹಾಸಿದ ದಾರಿ, ಅಲ್ಲಿ ಕೂರುವ ಕಲ್ಲು... ನನ್ನ ಹಪ್ಪಳಕ್ಕೆ ಜಾಗವೇ ಇಲ್ಲ. "ರತ್ನಾ, ಅಲ್ಲಿ ಹಾಕ್ಬೇಡ, ಅದು ಹಿಮಾಲಯ!" ಎಂಥ, ಹೇಳ್ಲಿಲ್ವಾ ನೀವು?

ಮತ್ತೆ ಲೇಹ್‌ಗೆ ಅಂತ ತಂದ ಆ ಲ್ಯಾವೆಂಡರು ಗಿಡ. ಪೆಟ್ಟಿಗೆ ತುಂಬ ಮರಳು, ಸುತ್ತ ಒದ್ದೆ ಗೋಣಿ, ಎದುರಿಗೆ ಟೇಬಲ್ ಫ್ಯಾನು! ಅಡಿಗೆಮನೆಯಲ್ಲಿ ಬೇಯುವ ನನಗೆ ಫ್ಯಾನಿಲ್ಲ. ನೀರು ಚಮಚದಲ್ಲಿ, ಮಗುವಿಗೆ ಔಷಧಿ ಕುಡಿಸಿದ ಹಾಗೆ; ಹೆಚ್ಚಾದ್ರೆ ಬೇರು ಕೊಳೀತದಂತೆ! ಪಕ್ಕದ ಮನೆ ವೆಂಕಟಲಕ್ಷ್ಮಿ ಕೇಳ್ತಾಳೆ, "ಮಾಮಾವುಕ್ಕು ಎನ್ನಾಚ್ಚು?" ಮಾಮನಿಗೆ ಏನಾಯ್ತು ಅಂದ್ರೆ ನಾನು ಎಂಥ ಹೇಳಲಿ?

"ಈ ಗಿಡ ಇಲ್ಲಿ ಬದುಕಿದ್ರೆ ಎಲ್ಲಿಯೂ ಬದುಕ್ತದೆ. ಏಪ್ರಿಲಿನಲ್ಲಿ ನಾನೇ ಹೋಗಿ ನೆಡ್ತೇನೆ, ಚಳಿಗಾಲದವರೆಗೆ ಅಲ್ಲೇ ಇರ್ತೇನೆ" ಅಂದ್ರಿ. ಹೋಗಿ! ಅಷ್ಟು ಎತ್ತರಕ್ಕೆ ಹತ್ತಬಾರದು ಅಂತ ಡಾಕ್ಟರು ಹೇಳಿದ್ದು ನನಗೆ, ನಿಮಗಲ್ಲವಲ್ಲ. ನಾನು ಬೇಡ ಅಂದೆನಾ? ನಿಮ್ಮ ಗೊರಕೆ ಇಲ್ಲದೆ ನಾನೂ ನಾಲ್ಕು ದಿನ ನಿದ್ದೆ ಮಾಡ್ತೇನೆ.

ಈಗ ಗಿಡ ಕೊಳೆಯಿತು ಅಂತ ಮುಖ ಯಾಕೆ ಹಾಗೆ? ಈ ಸೆಕೆಗೆ ಮನುಷ್ಯರೇ ಕೊಳೀತಾರೆ... ಬುಡ ಯಾಕೆ ಕೆದಕ್ತೀರಿ? ಬಿಡಿ, ಕೈಯೆಲ್ಲ ಗಲೀಜು... ನಾನಂತೂ ನೀರು ಹಾಕಲಿಲ್ಲಪ್ಪ.

...ನೀವು ನೀರಿನ ಮಾತೇ ಎತ್ತಲಿಲ್ಲ, ಅಲ್ವಾ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯ್ತು ನನ್ನದು.

ಎಂಥ ಅದು ಬೆರಳಲ್ಲಿ? ಮೂಸಬೇಡಿ! ...ಹೌದು, ಅಕ್ಕಿ ಕಾಳು. ಅಕ್ಕಿ ತೊಳೆದ ಅಕ್ಕಚ್ಚು. ಅದನ್ನು ಚರಂಡಿಗೆ ಚೆಲ್ಲುವ ಕ್ರಮ ನಮ್ಮೂರಲ್ಲಿ ಉಂಟಾ? ದನಕ್ಕೆ ಇಡೋದು. ದನ ಇಲ್ಲದಿದ್ರೆ ಗಿಡಕ್ಕೆ. ಬಸಳೆ ಬುಡಕ್ಕೆ ಹಾಕ್ಲಿಕ್ಕೆ ಹೋದವಳು ಕೈ ತಪ್ಪಿ...

ಹಾಗೆ ನೋಡ್ಬೇಡಿ. ಕೈ ತಪ್ಪಿ ಅಲ್ಲ. ದಿನಾ ಹಾಕಿದೆ, ಚೊಂಬು ತುಂಬ. ಅದು ಬದುಕಿದ್ರೆ ನೀವು ಹೋಗಿಬಿಡ್ತಿದ್ರಿ.

ಬೈಯಿರಿ ಮಾರಾಯ್ರೇ, ಬೇಕಾದಷ್ಟು ಬೈಯಿರಿ. ಹೀಗೆ ಮಾತೇ ಇಲ್ಲದೆ ಕೂತ್ರೆ... ನೀವು ಹೋದ ಮೇಲೆ ಈ ಮನೆ ಹೇಗಿರ್ತದೆ ಅಂತ ನನಗೆ ಈಗಲೇ ಗೊತ್ತಾಗ್ತಾ ಉಂಟು.